ತುಪ್ಪದ ಹೀರೆಯ ಕೆಳಗೆ ಬಾಯಿ ತೆರೆದವಳು

ನನಗೆ ಆಗ ಮೂವತ್ತೆಂಟು. ಅದಾಗಿ ನಲವತ್ತು ವರ್ಷ ಆಗುತ್ತಾ ಬಂತು. ತುಮಕೂರಿನ ಒಂದು ಕಾಲೇಜಿನ ಹಾಲಿನಲ್ಲಿ, ಕಬ್ಬಿಣದ ಕುರ್ಚಿಯ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತು, ನನ್ನನ್ನೇ ಪದ್ಯ ಮಾಡಿ ಓದಿದ್ದನ್ನು ಕೇಳಿದೆ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಕ್ಕಪಕ್ಕದವರು ತಟ್ಟುವಾಗ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ.

ಇದೆಲ್ಲ ಮರೆತೇ ಹೋಗಿತ್ತು ಎಂದರೆ ಸುಳ್ಳು. ಮೇಲೆ ಏನೇನೋ ಬಿದ್ದು ಅಡಿಗೆ ಹೋಗಿತ್ತು, ಅಷ್ಟೆ. ಮೊನ್ನೆ ಸೊಸೆ ಟ್ರಂಕು ತೆಗೆದು ಹಳೆ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಒಂದು ಪೌಡರ್ ಡಬ್ಬಿಯೊಳಗೆ ಏನೋ ಗಲಗಲ ಎಂದಿತು. ಮುಚ್ಚಳ ತೆಗೆದು ಅಂಗೈ ಮೇಲೆ ಸುರಿದುಕೊಂಡಳು.

"ಅತ್ತೆ, ಇದ್ಯಾರು?"

ಇದೇನು ಎನ್ನಲಿಲ್ಲ. ಯಾರು ಎಂದಳು. ಅದಕ್ಕೆ ಮುಖ ಇದೆಯಲ್ಲ.

"ನನ್ನ ಸವತಿ" ಎಂದೆ.

"ಇಷ್ಟೇ ಇಷ್ಟಾ?"

"ಇಷ್ಟಿದ್ದೇ ಅಷ್ಟು ಮಾಡಿದ್ಲು."

ಈಗಿನವರಿಗೆ ಇದು ಗೊತ್ತಿಲ್ಲ. ನಮ್ಮ ಕಡೆ ಹೆಂಡತಿ ಸತ್ತವನಿಗೆ ಎರಡನೆಯವಳಾಗಿ ಹೋದರೆ, ತಾಳಿಯ ಜೊತೆ ಒಂದು ಸಣ್ಣ ಬಿಲ್ಲೆ ಪೋಣಿಸುತ್ತಿದ್ದರು. ಸತ್ತವಳ ಬಿಲ್ಲೆ. ಅವಳು ಸಿಟ್ಟಾಗಿ ಕಾಟ ಕೊಡದಿರಲಿ ಅಂತ. ಅಕ್ಕಸಾಲಿಗ ಬೆಳ್ಳಿಯ ತುಂಡಿನ ಮೇಲೆ ಎರಡು ಚುಕ್ಕಿ ಕಣ್ಣು, ಒಂದು ಗೀರು ಬಾಯಿ ಮಾಡಿದ್ದ. ಅವನು ಅವಳನ್ನು ಕಂಡವನೇ ಅಲ್ಲ. ನಾನೂ ಕಂಡವಳಲ್ಲ. ಆದರೂ ಹದಿನಾರು ವರ್ಷ, ದಿನಾ ಬೆಳಿಗ್ಗೆ ಮುಖ ತೊಳೆದ ಮೇಲೆ ಕುಂಕುಮ ಮೊದಲು ಅವಳಿಗೆ, ಆಮೇಲೆ ನನಗೆ. ಹೊಸ ಸೀರೆ ಬಂದರೆ ಮೊದಲು ಅವಳ ಮುಂದಿಟ್ಟು, ಆಮೇಲೆ ನಾನು ಉಡಬೇಕು. ಹಬ್ಬದ ಹೋಳಿಗೆಯೂ ಹಾಗೇ. ಅವಳು ಉಟ್ಟು ಬಿಟ್ಟದ್ದು, ಉಂಡು ಬಿಟ್ಟದ್ದು ನನ್ನದು. ಗಂಡನೂ ಆ ಲೆಕ್ಕದವನೇ.

ಯಜಮಾನರು ಹೋದ ದಿನ ತಾಳಿ ತೆಗೆದರು. ಬಿಲ್ಲೆಯನ್ನು ಏನು ಮಾಡಬೇಕೆಂದು ಅಲ್ಲಿದ್ದ ಹೆಂಗಸರಿಗೆ ಯಾರಿಗೂ ತಿಳಿಯಲಿಲ್ಲ. ಒಬ್ಬಳು ನನ್ನ ಕೈಯೊಳಗೆ ತುರುಕಿದಳು. ಗಂಡ ಹೋದ, ತಾಳಿ ಹೋಯಿತು, ಇವಳು ಉಳಿದಳು. ಪೌಡರ್ ಡಬ್ಬಿಯಲ್ಲಿ ಆರಾಮಾಗಿ ಇದ್ದಾಳೆ.

ನಾನು ಕುಣಿಗಲ್ ಕಡೆಯವಳು. ನನಗೆ ಮುಂದಿನ ಹಲ್ಲು ಉಬ್ಬು. ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಎಂದು ಹೋದರು. ಉಪ್ಪಿಟ್ಟು ಚೆನ್ನಾಗಿಯೇ ಮಾಡುತ್ತಿದ್ದೆ. ಕೊನೆಗೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಪಕ್ಕದ ಊರಿನಿಂದ ಇವರು ಬಂದರು. ಹೆಂಡತಿ ಗಂಗಮ್ಮ ತೀರಿಕೊಂಡಿದ್ದಳು, ಐದು ವರ್ಷದ ಹೆಣ್ಣು ಕೂಸಿತ್ತು. ಇವರು ನನ್ನ ಹಲ್ಲು ನೋಡಲಿಲ್ಲ, ಕೈ ನೋಡಿದರು. ಮುದ್ದೆ ತಿರುವುವ ಕೈ. ಮದುವೆಯಾಯಿತು.

ಕೂಸಿನ ಹೆಸರು ವನಜ. ಅದು ಹಾಲು ಕುಡಿಯುವುದನ್ನು ಬಿಡುವ ಮೊದಲೇ ತಾಯಿ ಹೋಗಿದ್ದಳು. ಮಗು ನನ್ನನ್ನು ಚಿಕ್ಕವ್ವ ಎಂದಿತು. ಅನ್ನಲಿ. ಅದು ಸರಿಯಾದ ಮಾತೇ. ಆಮೇಲೆ ನನಗೂ ಒಬ್ಬ ಮಗ ಹುಟ್ಟಿದ, ಅವನು ಅವ್ವಾ ಎನ್ನುತ್ತಿದ್ದ. ಒಂದೇ ತಟ್ಟೆಯ ಎರಡು ಕಡೆ ಕೂತು ಒಂದು ಅವ್ವಾ ಎನ್ನುವುದು, ಒಂದು ಚಿಕ್ಕವ್ವಾ ಎನ್ನುವುದು. ಇಬ್ಬರಿಗೂ ಒಂದೇ ಸಾರು.

ವನಜಳಿಗೆ ಊಟ ಮಾಡಿಸುವುದು ಅಂದರೆ ಎತ್ತಿಗೆ ಔಷಧಿ ಕುಡಿಸಿದ ಹಾಗೆ. ಬಾಯಿ ಕಚ್ಚಿ ಹಿಡಿದುಬಿಡುತ್ತಿದ್ದಳು. ಕಥೆ ಹೇಳಿದರೆ ಮಾತ್ರ ಬಾಯಿ ಬಿಡುವಳು. ಅದೂ ಒಂದೇ ಕಥೆ. ನನ್ನವ್ವ ನನಗೆ ಹೇಳಿದ್ದ ತುಪ್ಪದ ಹೀರೇಕಾಯಿ ಕಥೆ. ಒಬ್ಬ ಹುಡುಗಿಯ ತಾಯಿ ಸಾಯುತ್ತಾಳೆ. ಮಲತಾಯಿ ಬರುತ್ತಾಳೆ, ಕೂಸಿಗೆ ತೌಡು ಹಾಕುತ್ತಾಳೆ. ತಾಯಿ ಹಿತ್ತಲಲ್ಲಿ ಹೀರೆ ಬಳ್ಳಿಯಾಗಿ ಹುಟ್ಟುತ್ತಾಳೆ. ಹುಡುಗಿ ಬಳ್ಳಿಯ ಕೆಳಗೆ ಬಾಯಿ ತೆರೆದರೆ ಕಾಯಿ ಬಿರಿದು ತುಪ್ಪ ತೊಟ್ಟಿಕ್ಕುತ್ತದೆ. ಮಲತಾಯಿ ಕಂಡುಹಿಡಿದು ಬಳ್ಳಿ ಕಡಿದು ಪಲ್ಯ ಮಾಡುತ್ತಾಳೆ. ಕೊನೆಗೆ ರಾಜ ಬಂದು ಹುಡುಗಿಯನ್ನು ಮದುವೆಯಾಗಿ, ಮಲತಾಯಿಯನ್ನು ಉರಿಯುವ ಸುಣ್ಣದ ಗೂಡಿಗೆ ಹಾಕಿಸುತ್ತಾನೆ.

ನೀವೇ ಯೋಚನೆ ಮಾಡಿ. ಮಲತಾಯಿ ನಾನು. ತುತ್ತು ಕೈಯಲ್ಲಿ ಹಿಡಿದು ಮಲತಾಯಿಯ ಪಾಪಗಳನ್ನು ಒಂದೊಂದಾಗಿ ಹೇಳುತ್ತಾ ಕೂರಬೇಕು. ಒಂದು ಪಾಪಕ್ಕೆ ಒಂದು ತುತ್ತು. ತೌಡು ಹಾಕಿದ್ಲು, ಒಂದು ತುತ್ತು. ಜುಟ್ಟು ಹಿಡಿದು ಎಳೆದ್ಲು, ಒಂದು ತುತ್ತು. ಪಾಪ ಸಾಲದೆ ಬಂದು ಅನ್ನ ಉಳಿದರೆ ಹೊಸದೊಂದು ಪಾಪ ಸೇರಿಸುತ್ತಿದ್ದೆ. ಸುಣ್ಣದ ಗೂಡಿಗೆ ನನ್ನನ್ನು ನಾನೇ ನೂಕಿಕೊಂಡರೆ ತಟ್ಟೆ ಖಾಲಿ.

"ಚಿಕ್ಕವ್ವ, ಗೂಡಲ್ಲಿ ಅವ್ಳು ಕಿರುಚಿದ್ಲಾ?"

"ಕಿರುಚ್ದೆ ಇರ್ತಾಳಾ. ಬಾಯಿ ತೊಳ್ಕೋ ಬಾ."

ಆ ಮಳೆಗಾಲ ನಮ್ಮ ಹಿತ್ತಲ ಬೇಲಿಗೂ ಒಂದು ತುಪ್ಪದ ಹೀರೆ ಬಳ್ಳಿ ಹಬ್ಬಿತು. ಬೀಜ ಹಾಕಿದ್ದು ನಾನೇ. ಒಂದು ದಿನ ಕಾಯಿ ಕುಯ್ಯಲು ಹೋದರೆ ವನಜ ಬಂದು ನನ್ನ ಸೆರಗು ಹಿಡಿದು ಕೂತೇ ಬಿಟ್ಟಳು. ಅದು ಅವಳ ಅಮ್ಮನಂತೆ. ಮುಟ್ಟಬಾರದಂತೆ. ನಾನೇ ಹೇಳಿ ನಾನೇ ಕೆಟ್ಟೆ. ಕಾಯಿ ಕೈಯುದ್ದ ಬಂದವು. ಕುಯ್ಯುವ ಹಾಗಿಲ್ಲ.

"ಏನ್ಲೇ, ಬಳ್ಳಿ ತುಂಬ ಕಾಯಿ ಜೋತಾಡ್ತಾವೆ, ದಿನಾ ಬರೀ ಉಪ್ಪೆಸರು ಹಾಕ್ತೀಯಲ್ಲ" ಎಂದರು ಯಜಮಾನರು.

"ನಿಮ್ಮ ಮೊದಲನೇಳು ಬಳ್ಳೀಲವ್ಳಂತೆ. ಒಂದು ಮಾತು ಕೇಳ್ಬಿಟ್ಟು ಕುಯ್ಕೊಂಡು ಬನ್ನಿ, ಪಲ್ಯ ಮಾಡ್ತೀನಿ."

ಅವರು ತಲೆ ತಗ್ಗಿಸಿ ಉಪ್ಪೆಸರನ್ನೇ ಉಂಡರು.

ವನಜ ಮಧ್ಯಾಹ್ನ ಹೊತ್ತು ಬಳ್ಳಿಯ ಕೆಳಗೆ ಬಾಯಿ ತೆರೆದು ನಿಲ್ಲುತ್ತಿದ್ದಳು. ನಾನು ಪಾತ್ರೆ ಬೆಳಗುವ ಕಲ್ಲಿನ ಹತ್ತಿರದಿಂದ ನೋಡುತ್ತಿದ್ದೆ. ಏನೂ ಬೀಳುತ್ತಿರಲಿಲ್ಲ. ಆದರೂ ಬಾಯಿ ಚಪ್ಪರಿಸಿಕೊಂಡು ಒಳಗೆ ಬರುವಳು. ಏನೇ, ಬಿತ್ತಾ, ಎಂದರೆ, ಬಿತ್ತು, ಎನ್ನುವಳು. ಹೆಂಗಿತ್ತೇ? ಸಿಹಿಯಾಗಿತ್ತು. ತುಪ್ಪ ಸಿಹಿ ಇರುತ್ತದೆಯೇ. ಆ ಮನೆಯಲ್ಲಿ ತುಪ್ಪ ಕಂಡಿದ್ದರೆ ತಾನೆ ಗೊತ್ತಾಗುವುದು.

ಒಂದು ದಿನ ಮಗು ಮಲಗಿತ್ತು. ಯಜಮಾನರು ಹೊಲದಲ್ಲಿದ್ದರು. ನಾನೂ ಹೋಗಿ ನಿಂತು ನೋಡಿದೆ. ಸುಮ್ಮನೆ. ತಲೆ ಎತ್ತಿ ಉಬ್ಬು ಹಲ್ಲಿನ ಬಾಯಿ ತೆರೆದು ನಿಂತೆ. ಕಣ್ಣಿಗೆ ಹೂವಿನ ಪುಡಿ ಬಿತ್ತು. ಮೂಗಿನ ಮೇಲೆ ಒಂದು ಇರುವೆ ಬಿತ್ತು. ಅಷ್ಟೆ. ಬಳ್ಳಿಗೆ ನೀರು ಹೊಯ್ದು ಬಂದೆ.

ಅವತ್ತು ಸಂಜೆ ತುತ್ತು ಕೊಡುವಾಗ ಅದೂ ಕಥೆಗೆ ಸೇರಿಕೊಂಡಿತು. ಮಲತಾಯಿ ಕುಡುಗೋಲು ತಗೊಂಡು ಹೋದವಳು, ಕಡಿಯುವ ಮುಂಚೆ, ಯಾರೂ ಇಲ್ಲದ್ದು ನೋಡಿ, ತಾನೂ ಬಳ್ಳಿಯ ಕೆಳಗೆ ಬಾಯಿ ತೆರೆದು ನಿಂತಳು. ಒಂದು ತೊಟ್ಟೂ ಬೀಳಲಿಲ್ಲ. ಆಮೇಲೆ ಕಡಿದಳು. ನನ್ನವ್ವ ಹೇಳಿದ ಕಥೆಯಲ್ಲಿ ಇದು ಇರಲಿಲ್ಲ. ಯಾರ ಕಥೆಯಲ್ಲೂ ಇರಲಿಲ್ಲ.

ವನಜ ಅಗಿಯುವುದನ್ನು ನಿಲ್ಲಿಸಿ ಕೇಳಿದಳು. "ಯಾಕೆ ಬೀಳ್ಲಿಲ್ಲ?"

"ಅವ್ಳಿಗೆ ಯಾಕೆ ಬೀಳತ್ತೆ? ಅವ್ಳ ಅವ್ವನಾ ಅದು?"

ಅವತ್ತು ಪಾಪ ಸೇರಿಸದೆ ಇನ್ನೊಂದು ತುತ್ತು ಹೋಯಿತು.

ಆ ಕಾಯಿಗಳೆಲ್ಲ ಬಳ್ಳಿಯಲ್ಲೇ ಒಣಗಿ ಗಲಗಲ ಎಂದವು. ಸಿಪ್ಪೆ ಸುಲಿದು, ಬೀಜ ಉದುರಿಸಿ, ನಾರು ತೆಗೆದಿಟ್ಟೆ. ವರ್ಷವೆಲ್ಲ ವನಜಳ ಬೆನ್ನು ಉಜ್ಜಿದ್ದು ಆ ನಾರಿನಲ್ಲೇ. ಅದು ಯಾರೆಂದು ಅವಳಿಗೆ ಹೇಳಲಿಲ್ಲ. ಕೊಳೆ ಚೆನ್ನಾಗಿ ಹೋಗುತ್ತಿತ್ತು.

ಹುಡುಗಿ ಓದಿನಲ್ಲಿ ಚುರುಕು. ಗುಬ್ಬಿಯಲ್ಲಿ ಹೈಸ್ಕೂಲು ಮುಗಿಸಿ ತುಮಕೂರಿಗೆ ಕಾಲೇಜಿಗೆ ಹೋದಳು. ಅಲ್ಲೇ ಬಟವಾಡಿಯಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಬಾಡಿಗೆ ರೂಮು. ಓದಿಸುವುದು ಬೇಡ, ಗಂಡು ನೋಡೋಣ, ಎಂದು ಯಜಮಾನರು ಪಟ್ಟು ಹಿಡಿದಾಗ ನಾನು ಅವರಿಗೆ ಊಟ ಬಡಿಸುವುದನ್ನು ನಿಲ್ಲಿಸಿದೆ. ಎರಡು ಹೊತ್ತಿಗೆ ದಾರಿಗೆ ಬಂದರು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಮನೆಯಲ್ಲಿ ನಡೆದದ್ದು ಹೇಳಿದೆ.

ಕಾಲೇಜಿನ ಕೊನೆಯ ವರ್ಷ ಅವಳು ಊರಿಗೆ ಬಂದವಳು, ನಾನು ರಾಗಿ ಕೇರುತ್ತಾ ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತಳು.

"ಚಿಕ್ಕವ್ವ, ನೀನು ಹೇಳ್ತಿದ್ದ ಹೀರೇಕಾಯಿ ಕಥೆ ಪದ್ಯ ಮಾಡಿದೀನಿ. ಮುಂದಿನ ವಾರ ಕಾಲೇಜಲ್ಲಿ ಓದ್ತೀನಿ. ದೊಡ್ಡ ದೊಡ್ಡೋರು ಬರ್ತಾರೆ. ನೀನು ಬರ್ಲೇಬೇಕು."

"ಕಥೇನ ಪದ್ಯ ಯಾಕೆ ಮಾಡಿದೆ? ಕಥೆಯಾಗೇ ಚೆನ್ನಾಗಿತ್ತಲ್ಲ."

"ಕಥೇಲಿ ಮಲತಾಯಿ ಮನಸ್ಸಲ್ಲಿ ಏನಿತ್ತು ಅಂತ ಯಾರೂ ಕೇಳಲ್ಲ. ಪದ್ಯದಲ್ಲಿ ನಾನು ಕೇಳಿದೀನಿ."

ಮೊರ ನಿಂತಿತು. ಅಲ್ಲೇ ಪಕ್ಕದಲ್ಲಿ ಕೂತಿದ್ದೆನಲ್ಲ, ನನ್ನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಆದರೂ, ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ನೀನು ಹೇಳ್ತಿದ್ದ ಕಥೆ ಎಂದಳಲ್ಲ. ಅಷ್ಟು ಜನರ ಮುಂದೆ, ಇದು ನಮ್ಮ ಚಿಕ್ಕವ್ವ ಹೇಳಿದ ಕಥೆ, ಅಗೋ ಅಲ್ಲಿ ಕೂತವ್ಳೆ, ಎಂದು ಒಂದು ಮಾತು ಅಂದರೆ ಸಾಕು ಎಂದುಕೊಂಡೆ. ಅವ್ವ ಎನ್ನಬೇಕಿರಲಿಲ್ಲ. ಚಿಕ್ಕವ್ವ ಎಂದರೂ ಆಗುತ್ತಿತ್ತು.

ಹೊರಡುವ ದಿನ ಹಸಿರು ಸೀರೆಯನ್ನು ಮೊದಲು ಬಿಲ್ಲೆಗೆ ತೋರಿಸಿ ಉಟ್ಟೆ. ಚೀಲದಲ್ಲಿ ಚಟ್ನಿಪುಡಿ, ಹುರಿಟ್ಟು, ಎಳೆಯ ತುಪ್ಪದ ಹೀರೇಕಾಯಿ ಇಟ್ಟುಕೊಂಡೆ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ತುಮಕೂರಿಗೆ ಬಂದೆ. ಬಸ್ಸಿನಲ್ಲಿ ಪಕ್ಕದವಳು, ಎಲ್ಲಿಗಮ್ಮಾ, ಎಂದಳು. ಮಗಳು ಪದ್ಯ ಓದ್ತಾಳೆ, ಕೇಳಕ್ಕೆ, ಎಂದೆ. ಬಸ್ಸಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು.

ಹಾಲಿನಲ್ಲಿ ಬಹಳ ಮಂದಿ ಓದಿದರು. ಮೋಡದ ಮೇಲೆ ಓದಿದರು, ನದಿಯ ಮೇಲೆ ಓದಿದರು. ಒಬ್ಬ ದೇಶದ ಮೇಲೆ ಕೂಗಾಡಿದ. ಆಮೇಲೆ ವನಜ ಎದ್ದಳು. ಮೈಕು ಅವಳಿಗಿಂತ ಎತ್ತರಕ್ಕಿತ್ತು, ಬಗ್ಗಿಸಿದರು. ಪೂರ್ತಿ ನನಗೆ ನೆನಪಿಲ್ಲ. ಇಷ್ಟು ಮಾತ್ರ ಇದೆ.

ಅವಳೂ ನಿಂತಳು ಒಮ್ಮೆ ಬಳ್ಳಿಯ ಕೆಳಗೆ,
ಯಾರಿಲ್ಲದ ನಡುಹಗಲಲಿ, ಬಾಯಿ ತೆರೆದು.
ಬಾಗಲಿಲ್ಲ ಬಳ್ಳಿ, ಬಿರಿಯಲಿಲ್ಲ ಕಾಯಿ.
ಆಮೇಲಷ್ಟೇ ಅವಳು ಎತ್ತಿದ್ದು ಕುಡುಗೋಲು.

 ಆಮೇಲೆ ಚಪ್ಪಾಳೆ. ನನ್ನ ಪಕ್ಕದಲ್ಲಿ ಕನ್ನಡಕದ ಹೆಂಗಸೊಬ್ಬಳು, ಯಾವುದೋ ಸ್ಕೂಲಿನ ಟೀಚರಂತೆ, ಕಣ್ಣು ಒರೆಸಿಕೊಂಡಳು.

"ಪಾಪ, ಮಲತಾಯಿಗೂ ಒಂದು ಮನಸ್ಸು ಇರತ್ತಲ್ವಾ? ನಾವು ಯಾವತ್ತಾದ್ರೂ ಯೋಚನೆ ಮಾಡಿದೀವಾ?"

"ನಾನು ಮಾಡಿದೀನಿ" ಎಂದೆ. ಅವಳಿಗೆ ಕೇಳಿಸಲಿಲ್ಲ. ಮೂಗು ಸೀಟುತ್ತಿದ್ದಳು.

ಅಧ್ಯಕ್ಷರಾಗಿ ಕೂತಿದ್ದ ವಯಸ್ಸಾದ ಮೇಷ್ಟ್ರು ಎದ್ದು ಬಹಳ ಹೊಗಳಿದರು. ಇಷ್ಟು ಚಿಕ್ಕ ಹುಡುಗಿ ಮಲತಾಯಿಯ ಎದೆಯೊಳಗೆ ಹೊಕ್ಕು ಬಂದಿದ್ದಾಳೆ ಎಂದರು. ಆಮೇಲೆ ಅವಳ ಕಡೆ ತಿರುಗಿ ಕೇಳಿದರು. "ಈ ಕಥೆ ನಿನಗೆ ಯಾರು ಹೇಳಿದ್ದಮ್ಮ?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸೆರಗು ಸರಿಮಾಡಿಕೊಂಡೆ.

ವನಜ ಮೈಕಿಗೆ ಬಗ್ಗಿದಳು. "ನಮ್ಮಮ್ಮ ಹೇಳ್ತಿದ್ರು ಸಾರ್. ನಾನು ಚಿಕ್ಕೋಳಿದ್ದಾಗಲೇ ತೀರ್ಕೊಂಡ್ರು."

ಅಯ್ಯೋ ಎಂದಿತು ಸಭೆ.

"ಆ ಸಾಲು? ಮಲತಾಯಿ ಬಾಯಿ ತೆರೆಯುವ ಸಾಲು?"

"ಅದು ನನಗೇ ಹೊಳೀತು ಸಾರ್."

ಬಿಲ್ಲೆ ನನ್ನ ಎದೆಯ ಮೇಲೆ ಇತ್ತು. ರವಿಕೆಯ ಒಳಗೆ ತಣ್ಣಗೆ. ಸೀರೆ ಅವಳಿಗೆ ಮೊದಲು, ಹೋಳಿಗೆ ಅವಳಿಗೆ ಮೊದಲು, ಈಗ ಕಥೆಯೂ ಅವಳಿಗೇ. ಉಟ್ಟು ಬಿಟ್ಟದ್ದು, ಉಂಡು ಬಿಟ್ಟದ್ದು ನನಗೆ ಬರುತ್ತಿತ್ತು. ಈ ಸಲ ಅದೂ ಇಲ್ಲ. ಉಳಿದದ್ದನ್ನು ಮಗಳು ಎತ್ತಿಕೊಂಡಳು. ಹಾಲು ಕುಡಿಯುವ ಕೂಸಿಗೆ ಗಂಗಮ್ಮ ಯಾವ ಕಥೆ ಹೇಳಿದ್ದಾಳು? ಹೇಳಿದ್ದರೂ ಅದು ಏನು ಕೇಳಿಸಿಕೊಂಡೀತು? ಇದನ್ನು ಆ ಹಾಲಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಓದಿದವರು.

ಮುಗಿದ ಮೇಲೆ ಹೊರಗೆ ಕಾಫಿ ಕೊಟ್ಟರು. ಮೇಷ್ಟ್ರು ವನಜಳ ಬೆನ್ನು ತಟ್ಟಿ, ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

"ಇವರು?"

"ಊರಿಂದ ಬಂದವ್ರೆ ಸಾರ್" ಎಂದಳು. ಸ್ವಲ್ಪ ತಡೆದು, "ನಮ್ಮನೇಲೇ ಇರ್ತಾರೆ" ಎಂದಳು.

ಮೇಷ್ಟ್ರು ನನಗೂ ಒಂದು ಲೋಟ ಕಾಫಿ ಕೊಡಿಸಿದರು. ಒಳ್ಳೆಯ ಮನುಷ್ಯ.

ಬಟವಾಡಿ ತನಕ ಸಿಟಿ ಬಸ್ಸಿನಲ್ಲಿ ಹೋದೆವು. ಇಳಿದು ನಡೆಯುವಾಗ ಅವಳೇ ಶುರು ಮಾಡಿದಳು.

"ಬೇಜಾರಾಯ್ತಾ?"

"ಯಾಕೆ?"

"ಮಲತಾಯಿಯೇ ಮಲತಾಯಿ ಕಥೆ ಹೇಳಿದ್ಲು ಅಂದ್ರೆ ಜನ ನಗ್ತಿದ್ರು ಚಿಕ್ಕವ್ವ. ಪದ್ಯ ಕೆಟ್ಟೋಗ್ತಿತ್ತು."

"ನಗ್ಲಿ ಬುಡು. ನಾನೂ ಜೊತೇಲಿ ನಗ್ತಿದ್ದೆ."

"ನಿಂಗೆ ಅರ್ಥ ಆಗಲ್ಲ. ಪದ್ಯದಲ್ಲಿ ಮಲತಾಯಿ ಮೇಲೆ ಎಷ್ಟು ಕನಿಕರ ಇಟ್ಟಿದೀನಿ ನೋಡ್ಲಿಲ್ವಾ?"

"ನೋಡಿದೆ ಕಣೇ. ಭಾಳ ಇಟ್ಟಿದೀಯ. ಅಲ್ಲೇ ಖರ್ಚಾಗೋಯ್ತು."

 ಕೆಟ್ಟವಳಲ್ಲ ಅವಳು. ರೂಮಿಗೆ ಹೋದ ಕೂಡಲೇ ನನ್ನ ಕಾಲಿಗೆ ನೀರು ಕೊಟ್ಟಳು, ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಈಗಲೂ ಬಂದರೆ ಮಾತ್ರೆ, ಹಣ್ಣು, ಬೆಚ್ಚನೆ ಸ್ವೆಟರು ತರುತ್ತಾಳೆ. ಆಮೇಲೆ ಕಥೆಗಳ ಪದ್ಯ ಬಹಳ ಬರೆದಳು. ರಾಕ್ಷಸಿಯ ಹಸಿವಿನ ಮೇಲೊಂದು, ಮತ್ತೆ ಮನುಷ್ಯನಾಗಲು ಇಷ್ಟವಿಲ್ಲದ ಕಪ್ಪೆಯ ಮೇಲೊಂದು, ರಾಜಕುಮಾರಿಯ ಕೂದಲು ಬಾಚಿ ಬಾಚಿ ಮುದುಕಿಯಾದ ದಾಸಿಯ ಮೇಲೊಂದು. ರಾಕ್ಷಸಿಯನ್ನೂ ಬಿಡಲಿಲ್ಲ ಅವಳ ಕನಿಕರ. ಪುಸ್ತಕವೂ ಆಯಿತು. ಎರಡನೇ ಕ್ಲಾಸಿನ ಓದಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿಕೊಂಡು ಮೊದಲನೇ ಹಾಳೆ ಓದಿದೆ. ಕಥೆ ಹೇಳಿದ ಅಮ್ಮನಿಗೆ, ಎಂದಿದೆ. ಯಾವ ಅಮ್ಮ ಎಂದು ನಾನು ಕೇಳಿಲ್ಲ. ಡಬ್ಬಿಯಲ್ಲಿರುವವಳನ್ನು ಕೇಳಬೇಕು.

ಕಥೆಯೊಳಗೆ ಇರುವವರ ಮೇಲೆ ಕನಿಕರ ಪಡುವುದು ಸುಲಭ. ಅವರಿಗೆ ಹೊಟ್ಟೆ ಇಲ್ಲ, ಹಲ್ಲು ಉಬ್ಬಿಲ್ಲ, ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ಬಂದು ಪಕ್ಕದಲ್ಲಿ ನಿಲ್ಲುವುದಿಲ್ಲ. ಇವರು ಯಾರು ಎಂದು ಅವರನ್ನು ತೋರಿಸಿ ಯಾರೂ ಕೇಳುವುದಿಲ್ಲ.

ಅವತ್ತು ಸಂಜೆ ಸೀಮೆಎಣ್ಣೆ ಸ್ಟವ್ ಹಚ್ಚಿ, ತಂದಿದ್ದ ತುಪ್ಪದ ಹೀರೇಕಾಯಿ ಹೆಚ್ಚಿ ಪಲ್ಯ ಮಾಡಿದೆ. ಚಿಕ್ಕಂದಿನಲ್ಲಿ ಮುಟ್ಟಗೊಡದವಳು ಎರಡು ಸಲ ಹಾಕಿಸಿಕೊಂಡಳು. ಜೊತೆಯ ಹುಡುಗಿಯೂ ತಿಂದಳು.

"ಚೆನ್ನಾಗೈತೆ ಚಿಕ್ಕವ್ವ. ಊರಿನ ಕಾಯಾ?"

"ನಮ್ಮ ಹಿತ್ತಲದ್ದೇ. ಅದೇ ಬಳ್ಳಿ ಬೀಜದ್ದು."

ಅವಳ ಕೈ ತಟ್ಟೆಯ ಮೇಲೆ ಒಂದು ಚೂರು ನಿಂತಿತು. ಆಮೇಲೆ ಮುಂದಿನ ತುತ್ತು ಕಲಸಿದಳು. ಅವ್ವನನ್ನು ಸಭೆಯಲ್ಲಿ ನೆನೆದು, ರೂಮಿನಲ್ಲಿ ಉಂಡಳು. ನಾನು ಬಾಣಲೆ ಕೆರೆದು ಮಿಕ್ಕದ್ದನ್ನು ಹಾಕಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಎದ್ದು ಮುಖ ತೊಳೆದೆ. ಅವರ ರೂಮಿನ ಕಿಟಕಿಯಲ್ಲಿ ಅಂಗೈಯಗಲದ ಕನ್ನಡಿ ಇತ್ತು. ವನಜ ಹಿಂದೆ ನಿಂತು ಜಡೆ ಹೆಣೆದುಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಐದು ವರ್ಷದವಳಿದ್ದಾಗಿನಿಂದ ಗೊತ್ತಲ್ಲ, ಯಾರಿಗೆ ಮೊದಲು ಎಂದು. ಕುಂಕುಮದ ಭರಣಿಯಲ್ಲಿ ಬೆರಳು ಅದ್ದಿ, ನನ್ನ ಹಣೆಗೆ ಇಟ್ಟುಕೊಂಡೆ. ದುಂಡಗೆ, ದೊಡ್ಡದಾಗಿ. ಕನ್ನಡಿಯಲ್ಲಿ ಬಾಯಿ ತೆರೆದು ಹಲ್ಲನ್ನೂ ಒಂದು ಸಲ ನೋಡಿಕೊಂಡೆ. ಆಮೇಲೆ ಬಿಲ್ಲೆಯನ್ನು ಹೊರಗೆ ಎಳೆದು, ಬೆರಳಲ್ಲಿ ಮಿಕ್ಕದ್ದನ್ನು ಅವಳಿಗೆ ಒರೆಸಿ, ಬಸ್ಸಿಗೆ ಹೋದೆ.